ಹದಿನೇಳನೆಯವರ ಮುಖ

ಬೆಟಗೇರಿ
೨೧೪೭ನೆಯ ಇಸವಿ, ಹದಿಮೂರನೆಯ ತಿಂಗಳು, ೪

ಮಾನ್ಯರೇ,

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಾಣುತ್ತದೆ. ನಮ್ಮಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದಾಗ ಒಂದು ತಿಂಗಳು ಹೆಚ್ಚಾಯಿತು. ನಿಮಗೆ ಗೊತ್ತಿಲ್ಲದ ಇಂಥ ಸಂಗತಿಗಳು, ಪದಗಳು ಮುಂದೆಯೂ ಬರುತ್ತವೆ. ಬಂದಲ್ಲಿ ಅರ್ಥ ಹೇಳುತ್ತೇನೆ, ಬೇಸರಿಸಬೇಡಿ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಕಾಲದಲ್ಲಿ ಒಂದು ಪ್ರಯೋಗಾಲಯ ಬೆಟಗೇರಿಯ ನೇಕಾರರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಅವರ ಮೆದುಳಿನ ಚಿತ್ರ ತೆಗೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಆ ಚಿತ್ರಗಳನ್ನು ಸಿದ್ಧಪಡಿಸಿದವರು ಮುಕ್ತ ತಂತ್ರಾಂಶ ಕಲಿಯಲು ಬಂದಿದ್ದ ವಿದ್ಯಾರ್ಥಿಗಳು ಎಂದು ಜೊತೆಗಿನ ವಿವರಣೆಯಲ್ಲಿದೆ. ಅವರಲ್ಲೊಬ್ಬರು ನೀವು. ಹದಿನೇಳನೆಯವರ ಚಿತ್ರ ನಿಮ್ಮ ಪಾಲಿಗೆ ಬರುತ್ತದೆ. ಹದಿನೇಳನೆಯವರು ನನ್ನ ಮುತ್ತಜ್ಜಿ ಚಂದ್ರಕಲಾ.

ನನ್ನ ಅವ್ವ ನೀಲಗಂಗಾಳನ್ನು ಸಾಕಿದ್ದು ಅವಳ ಅಜ್ಜಿಯಾದ ಈ ಆಯಿಯೇ. ಅವ್ವನಿಗೀಗ ಕಣ್ಣಿನ ನಡುಭಾಗ ಮಂಕಾಗುವ ರೋಗ. ಇದರಲ್ಲಿ ಬಾಗಿಲು, ಗೋಡೆ, ದಾರಿಯ ಅಂಚು ಕಾಣುತ್ತಲೇ ಇರುತ್ತವೆ, ಎದುರಿಗಿರುವವರ ಮುಖ ಮೊದಲು ಹೋಗುತ್ತದೆ. ಮಳೆಗಾಲ ಮುಗಿಯುವುದರೊಳಗೆ ಹೋಗಬಹುದೆಂದು ವೈದ್ಯರು ಹೇಳಿದ ದಿನ ಅವ್ವ ಮನೆಗೆ ಬಂದು ಕೈಕಾಲು ತೊಳೆದು, “ಅಷ್ಟರಾಗ ಆಯಿ ಮಾರಿ ಒಮ್ಮೆ ನೋಡಬೇಕವಾ” ಎಂದಳು. ಆ ಮುಖ ಬಿಟ್ಟು ಬೇರೇನೂ ಕೇಳಲಿಲ್ಲ.

ಆಯಿಯ ಫೋಟೊ ನಮ್ಮಲ್ಲಿಲ್ಲ. ಯಾರಲ್ಲಿಯೂ ಅವರ ಹಿರಿಯರ ಫೋಟೊ ಇಲ್ಲ. ನಾವು ಬೀಗದ ವರ್ಷ ಎನ್ನುವ ಕಾಲದಲ್ಲಿ, ಜನರ ಚಿತ್ರಗಳನ್ನು ಇಟ್ಟುಕೊಂಡಿದ್ದ ಕಂಪನಿಗಳು ಒಂದರ ಹಿಂದೆ ಒಂದು ಮುಚ್ಚಿದವು. ಚಿತ್ರಗಳು ಎಲ್ಲೋ ಇರಬಹುದು, ತೆರೆಯುವ ತಂತ್ರಾಂಶ ಅವರೊಂದಿಗೇ ಹೋಯಿತು. ಯಾರಪ್ಪನ ಆಸ್ತಿಯೂ ಅಲ್ಲದ ತಂತ್ರಾಂಶದಲ್ಲಿ ತೆರೆಯುವಂಥವು ಮಾತ್ರ ಉಳಿದವು. ಹೀಗೆ ನಮ್ಮ ಊರಿನವರ ಮದುವೆ, ನಾಮಕರಣ ಯಾವುದೂ ಉಳಿಯಲಿಲ್ಲ, ನೇಕಾರರ ಮೆದುಳು ಉಳಿಯಿತು.

ಆಯಿ ಯಂತ್ರದಲ್ಲಿ ಮಲಗಿದ ದಿನದ ಕತೆಯನ್ನು ಅವ್ವನಿಗೆ ಮಲಗುವಾಗ ಹೇಳುತ್ತಿದ್ದಳಂತೆ. ಕಿವಿಯೋಲೆ, ಬಳೆ ಎಲ್ಲ ಬಿಚ್ಚಿಸಿ ಒಂದು ಕೊಳವೆಯೊಳಗೆ ತಳ್ಳಿದರು, ಒಳಗೆ ಮಗ್ಗಕ್ಕಿಂತ ದೊಡ್ಡ ಸಪ್ಪಳ. “ಮೂಗು ತುರಸಾಕತ್ತಿತ್ತು. ಅಲುಗಾಡಿದ್ರ ಮತ್ತ ಮೊದಲಿಂದ ಅಂದಿದ್ರು. ಸುಮ್ನ ಬಿದ್ದಿದ್ದೆ. ಅಲ್ಲಿ ನನಗ ಹೆಸರಿಲ್ಲ, ಹದಿನೇಳು ಅಂತಿದ್ರು.” ಅವ್ವ ಮರೆಯದ ಆ ಸಂಖ್ಯೆಯಿಂದ ನಾನು ಶುರು ಮಾಡಿದೆ.

ನಾನು ನೀರು ಸರಬರಾಜಿನವಳು. ಈ ಚಿತ್ರಗಳನ್ನು ತೆರೆಯುವುದನ್ನು ಕಲಿಸಿದವನು ಆಸ್ಪತ್ರೆಯ ಸ್ಕ್ಯಾನ್ ಕೋಣೆಯ ಫಕೀರಪ್ಪ. ನಾವು ಕಲಿತದ್ದು ಮಂದಯಂತ್ರದಲ್ಲಿ. ಹಳೆಯ ಕಂಪ್ಯೂಟರುಗಳ ಬಿಡಿಭಾಗ ಸೇರಿಸಿ ಮಾಡಿದ್ದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಒಂದು ಕಮಾಂಡ್ ಕೊಟ್ಟು, ಹೋಗಿ ಜೋಳದ ಹಿಟ್ಟು ಬೀಸಿಕೊಂಡು ಬರಬಹುದು. ನಿಮ್ಮ ಕಾಲದವರು ಬರೆದಿಟ್ಟ ಪಾಠಗಳೇ ನಮಗೂ ಪಾಠ. ಎಲ್ಲಿ ಎಡವಿದರೂ ನನಗಿಂತ ಮೊದಲು ಅಲ್ಲಿ ಯಾರೋ ಎಡವಿ ಕೇಳಿದ್ದರು, ಯಾರೋ ಸಿಟ್ಟಾಗದೆ ಉತ್ತರಿಸಿದ್ದರು. ಮೊದಲ ಸಲ ಚಿತ್ರ ತೆರೆದಾಗ ಅದು ತಿರುಗಿಕೊಂಡಿತ್ತು. “ಅಕ್ಕಾರ, ನಿಮ್ಮ ಮುತ್ತಜ್ಜಿ ಬೋರಲ ಬಿದ್ದಾಳ್ರೀ” ಎಂದು ಫಕೀರಪ್ಪ ನಕ್ಕ. ದಿಕ್ಕು ಸರಿಪಡಿಸುವುದನ್ನು ಕಲಿತೆ. ತಲೆಯನ್ನು ಈರುಳ್ಳಿಯಂತೆ ಬಿಲ್ಲೆಬಿಲ್ಲೆಯಾಗಿ ನೋಡುವುದನ್ನು, ಆ ಬಿಲ್ಲೆಗಳನ್ನು ಕೂಡಿಸಿ ಚರ್ಮದ ಹೊರಮೈ ಕಟ್ಟುವುದನ್ನು ಕಲಿತೆ. ಹೊರಮೈ ಕಟ್ಟಿದರೆ ಮುಖ ಬರುತ್ತದೆ.

ಬರಲಿಲ್ಲ. ಹಣೆಯ ಕೆಳಗೆ ಚಾಕುವಿನಿಂದ ಕೊಯ್ದಂತೆ ಬಯಲು. ಕಣ್ಣು, ಮೂಗು, ಬಾಯಿ ಇಲ್ಲ. ನನ್ನದೇ ತಪ್ಪೆಂದುಕೊಂಡು ಪಾಠವನ್ನು ಮೊದಲಿನಿಂದ ಓದಿ ಮತ್ತೆ ಮಾಡಿದೆ. ಹದಿನಾರನೆಯವರಿಗೂ ಹದಿನೆಂಟನೆಯವರಿಗೂ ಮುಖವಿರಲಿಲ್ಲ. ಫಕೀರಪ್ಪ ವಿವರಣೆಯ ಇಂಗ್ಲಿಷನ್ನು ಓದಿ, ನಗದೆ ಹೇಳಿದ: “ತಪ್ಪಲ್ರೀ ಅಕ್ಕಾರ. ಗುರುತು ಸಿಗಬಾರದಂತ ಬೇಕಂತಲೇ ತಗದಾರ. ಹಂಚೂಕಿಂತ ಮೊದಲು ಮಾರಿ ಅಳಸೂದು ಆಗಿನ ಪದ್ಧತಿ.”

ಅವ್ವನಿಗೆ ಏನು ಹೇಳುವುದೆಂದು ತಿಳಿಯದೆ ಎರಡು ವಾರ ಹೇಳಲಿಲ್ಲ. ಅಷ್ಟರಲ್ಲಿ ಅವಳಿಗೆ ನನ್ನ ಮುಖವೂ ಕಾಣದಾಯಿತು. ಅದನ್ನು ಅವಳು ಊಟ ಮಾಡುತ್ತ, ಉಪ್ಪು ಕಡಿಮೆ ಎನ್ನುವ ಧ್ವನಿಯಲ್ಲೇ ಹೇಳಿದಳು. ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಕೊನೆಗೆ ಫಕೀರಪ್ಪ ಆಸ್ಪತ್ರೆಯ ಅಚ್ಚುಯಂತ್ರದಲ್ಲಿ ಆ ತಲೆಯನ್ನು ನಿಜದ ಅಳತೆಯಲ್ಲಿ ಮಾಡಿಸಿಕೊಟ್ಟ. ಬೂದು ಬಣ್ಣ, ಮುಂದೆ ಬಯಲು. ಅವ್ವ ತೊಡೆಯ ಮೇಲಿಟ್ಟುಕೊಂಡು ಸವರಿದಳು. ಬಯಲಿನ ಮೇಲೆ ಅವಳ ಬೆರಳು ಹೋಗಿ ಬಂದು ಹೋಗಿ ಬಂದು, “ಮಾರಿ ಎಲ್ಲೈತಿ?” ಎಂದಳು. ಇದ್ದದ್ದನ್ನು ಹೇಳಿದೆ. ಹೂಂ ಅಂದಳು. ಆಮೇಲೆ ಬೆರಳು ಪಕ್ಕಕ್ಕೆ ಜಾರಿತು. ಅಳಿಸಿದವರು ಕಿವಿಯನ್ನು ಬಿಟ್ಟಿದ್ದರು. ಯಂತ್ರದ ದಿಂಬಿಗೆ ಒತ್ತಿ ಚಪ್ಪಟೆಯಾದ ಕಿವಿ. ಅವ್ವ ಅದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದಳು. “ಇದನ್ನ ಹಿಡಕೊಂಡ ಮಲಗ್ತಿದ್ದೆ. ಬಿಡ ಹುಚ್ಚಿ, ಹರದೀತು ಅಂತಿದ್ದಳು.” ಕಿವಿ ಬಿಡಲಿಲ್ಲ.

ಮುಖ ಅಳಿಸಬೇಡಿ ಎಂದು ಕೇಳಲು ಬರೆಯುತ್ತಿಲ್ಲ. ಬೀಗದ ವರ್ಷಕ್ಕೆ ಮುನ್ನ ಕಂಪನಿಗಳು ಮುಖದಿಂದ ಮನುಷ್ಯರನ್ನು ಹುಡುಕಿ, ಅವರ ರೋಗ ತಿಳಿದು, ಕೆಲಸ ಕೊಡದೆ ಬಿಟ್ಟದ್ದನ್ನು ನಾನು ಬಲ್ಲೆ. ಹೆಸರಿಲ್ಲದೆ ಕೊಳವೆಯೊಳಗೆ ಹೋದವರನ್ನು ನೀವು ಹೆಸರಿಲ್ಲದೆಯೇ ಕಾಪಾಡಿದಿರಿ. ಅದು ಸರಿ.

ನನ್ನ ಕೋರಿಕೆ ಇಷ್ಟೇ. ಮುಖ ಅಳಿಸುವ ಪಾಠಕ್ಕೆ ಬಂದಾಗ, ಕಮಾಂಡ್ ಬರೆದಾದ ಮೇಲೆ, ಎಂಟರ್ ಒತ್ತುವ ಮೊದಲು, ಹದಿನೇಳನೆಯ ಚಿತ್ರವನ್ನು ತೆರೆಯಿರಿ. ದಿಕ್ಕು ಸರಿಪಡಿಸಿ ಹೊರಮೈ ಕಟ್ಟಿ. ಅವಸರ ಬೇಡ. ಅವಳ ಮೂಗು ತುರಿಸುತ್ತಿದೆ, ಆದರೂ ಅಲುಗಾಡದೆ ಮಲಗಿದ್ದಾಳೆ. ನಮ್ಮ ಪರವಾಗಿ ಒಮ್ಮೆ ನೋಡಿ. ಆಮೇಲೆ ಅಳಿಸಿ.

ಇಂತು,
ನೀಲಗಂಗಾಳ ಮಗಳು
ಸುಗಲಾ