ತೊಟ್ಟಿ ಬರಿದಾದಾಗ

ಅಪ್ಪ,

ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇವತ್ತು ಪೆಂಟೆಕೋಸ್ಟ್ ಸೋಮವಾರ, ಹಳೆಯ ಗಿರಣಿಗಳನ್ನು ಜನರಿಗೆ ನಡೆಸಿ ತೋರಿಸುವ ಹಬ್ಬ. ನೀನು ತೀರಿಹೋದ ಮೇಲೆ ನಮ್ಮ ನೀರುಗಿರಣಿ ಊರಿನ ಸಂಘದವರ ಕೈಯಲ್ಲಿದೆ. ಹೊಳೆಯಲ್ಲಿ ಚಕ್ರ ತಿರುಗುತ್ತಿತ್ತು, ಅಂಗಳದಲ್ಲಿ ಸಾಸೇಜ್ ಸುಡುತ್ತಿದ್ದರು. ಒಳಗೆ ಸಂಘದ ಫೋಲ್ಕ್‌ಮಾರ್ ಗಿರಣಿಯ ಮುನ್ನೂರು ವರ್ಷದ ಚರಿತ್ರೆ ಹೇಳುತ್ತ ಮೈಮರೆತಿದ್ದ. ಅದು ಎರಡು ಸಲ ಸುಟ್ಟುಹೋದದ್ದನ್ನೂ ಹೇಳಿದ. ಆಗ ಗಿರಣಿಯ ಗಂಟೆ ಹೊಡೆಯತೊಡಗಿತು.

ಜನ ಚಪ್ಪಾಳೆ ತಟ್ಟಿದರು.

ಬೀಸುಕಲ್ಲಿನ ಮೇಲಿನ ತೊಟ್ಟಿಯಲ್ಲಿ ಕಾಳು ಮುಗಿದಾಗ ಮಾತ್ರ ಆ ಗಂಟೆ ಹೊಡೆಯುತ್ತದೆಂಬುದು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಬರಿಗಲ್ಲು ಬರಿಗಲ್ಲಿಗೆ ಉಜ್ಜಿ ಸುಡುವ ವಾಸನೆ ನನ್ನ ಮೂಗಿಗೆ ಬಡಿಯಿತು. ಗಾಳಿಯ ತುಂಬ ಹಿಟ್ಟಿನ ಧೂಳು, ಒಂದು ಕಿಡಿ ಸಾಕಿತ್ತು. ಜನರನ್ನು ತಳ್ಳಿಕೊಂಡು ಓಡಿ ತೂಬು ಇಳಿಸಿ ಚಕ್ರಕ್ಕೆ ನೀರು ನಿಲ್ಲಿಸಿದೆ.

"ಯಾಕ್ರೀ ನಿಲ್ಸಿದ್ರಿ? ಚೆನ್ನಾಗಿತ್ತಲ್ಲ," ಎಂದಳು ಮಗುವನ್ನು ಎತ್ತಿಕೊಂಡಿದ್ದ ಒಬ್ಬಳು. "ಇನ್ನೊಂದ್ಸಲ ಗಂಟೆ ಹೊಡೀಲಿ, ಫೋಟೊ ತಗೋತೀವಿ."

"ಕೆಳಗೆ ಹೊಳೆ ಹರೀತಾನೇ ಇತ್ತು ಕಣೇ, ಮೇಲೆ ಗಿರಣಿ ಉರ್ದುಹೋಯ್ತು," ಎಂದು ನೀನು ಅಜ್ಜನ ಕಾಲದ ಬೆಂಕಿಯ ಕತೆ ತೆಗೆದಾಗೆಲ್ಲ ನಾನು ಎದ್ದು ಹೋಗುತ್ತಿದ್ದೆ.

ಎಲ್ಲರೂ ಸಾಸೇಜಿನ ಕಡೆ ಹೋದ ಮೇಲೆ, ಆ ಸದ್ದನ್ನು ಇನ್ನೊಮ್ಮೆ ಕೇಳಲಾರೆ ಅನ್ನಿಸಿ, ಗಂಟೆಯ ನಾಲಗೆಗೆ ನನ್ನ ಕರವಸ್ತ್ರ ಬಿಗಿದು ಸುತ್ತಿಬಿಟ್ಟೆ. ಮನೆಗೆ ಬಂದು ಕೂತ ಮೇಲೆ ನೆನಪಾಯಿತು, ನಾಳೆ ಬೆಳಿಗ್ಗೆ ಫೋಲ್ಕ್‌ಮಾರ್ ಶಿಶುವಿಹಾರದ ಮಕ್ಕಳಿಗೆ ಗಿರಣಿ ನಡೆಸಿ ತೋರಿಸುತ್ತಾನೆ; ತೊಟ್ಟಿ ಬರಿದಾದರೂ ಗಂಟೆ ಕೇಳಿಸದು. ಅವನು ಫೋನ್ ಎತ್ತುತ್ತಿಲ್ಲ. ಗಿರಣಿಯ ಬೀಗದ ಕೈ ಅವನ ಹತ್ತಿರವೇ ಇದೆ.

ನಾನು ಬೇಡವೆಂದ ಆ ಬೀಗದ ಕೈಯನ್ನು ನೀನು ಮೊದಲು ಚಾಚಿದ್ದು ನನ್ನ ಕಡೆಗೆ, ಅಪ್ಪ.