ಇನ್ನೂರು ಗ್ರಾಮಿನ ಪ್ರಶ್ನೆ

ಹೆಸರು ತಿಳಿಯದ ಎರಡನೇ ಪರಿಶೀಲಕರಿಗೆ,

ನೀವು ಹೆಂಗಸೋ ಗಂಡಸೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ನನ್ನ ಸಂಶೋಧನಾ ಲೇಖನವನ್ನು ಓದಿ ತಪ್ಪು ಹುಡುಕಲು ಪತ್ರಿಕೆಯ ಸಂಪಾದಕರು ಗುಟ್ಟಾಗಿ ಆರಿಸಿದ ಇಬ್ಬರಲ್ಲಿ ನೀವೊಬ್ಬರು, ಅಷ್ಟೇ. ಮೊದಲನೆಯವರು ನಾಲ್ಕು ಸಾಲು ಹೊಗಳಿ ಕೈತೊಳೆದುಕೊಂಡರು. ನಿಮ್ಮದು ಮೂರು ಪುಟ. ಅಲ್ಪವಿರಾಮವನ್ನೂ ಬಿಡದ ಪುಣ್ಯಾತ್ಮರು! ಬಾಯಿಗೆ ಬಂದಂತೆ ಬೈದೆ, ಕ್ಷಮಿಸಿ.

ಎಂಟನೇ ಪ್ರಶ್ನೆಗೆ ಬಂದಾಗ ಬೈಗುಳ ನಿಂತಿತು. ‘ಎಲ್ಲವೂ ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳು. ಆದರೂ ಎರಡನೇ ವಾರ್ಡಿನವು ಮೊದಲನೇ ವಾರ್ಡಿನವಕ್ಕಿಂತ ಇನ್ನೂರು ಗ್ರಾಂ ಹೆಚ್ಚು ತೂಗುತ್ತವೆ. ಏಕೆ?’

ಫಿಟ್ಸ್ ಬರುವ ಅಂಥ ಕೂಸುಗಳಿಗೆ ತೂಕ ನೋಡಿ ಎಷ್ಟು ಔಷಧಿ ಕೊಡಬೇಕು ಎಂಬುದೇ ನನ್ನ ಲೇಖನ. ಹೆಚ್ಚಾದರೆ ಮಂಪರು, ಇನ್ನೂ ಹೆಚ್ಚಾದರೆ ಉಸಿರೇ ನಿಲ್ಲಬಹುದು. ಲೇಖನ ಅಚ್ಚಾಗುವ ಮೊದಲೇ, ಆ ತೂಕಗಳಿಂದ ಲೆಕ್ಕ ಹಾಕಿದ ನಮ್ಮ ಡೋಸಿನ ಕೋಷ್ಟಕ ಎರಡೂ ವಾರ್ಡುಗಳ ಗೋಡೆ ಏರಿತ್ತು.

ಮೆಟ್ಟಿಲಿಳಿದು ಓಡಿದೆ. ಎರಡನೇ ವಾರ್ಡಿನ ಹಿರಿಯ ನರ್ಸ್ ಒಂದು ಕೂಸನ್ನು ತೂಗುತ್ತಿದ್ದರು, ದಪ್ಪ ಟವೆಲ್ಲಿನಲ್ಲಿ ಸುತ್ತಿಟ್ಟೇ. “ಟವೆಲ್ ತೂಕ ಕಳೀತೀರಲ್ವಾ ಸಿಸ್ಟರ್?” ಎಂದೆ.

“ಮಷಿನ್ನೇ ಕಳೆಯುತ್ತೆ ಅಂತ ನೀವೇ ಹೇಳಿದ್ರಲ್ಲಮ್ಮಾ.”

ಹೌದು, ನಾನೇ ಹೇಳಿದ್ದೆ, ಮೊದಲನೇ ವಾರ್ಡಿನ ಹೊಸ ಮಷಿನ್ ನೋಡಿಕೊಂಡು. ಇದು ಹಳೆಯದು. ನಾವು ಟವೆಲ್ಲಿಗೂ ಸೇರಿಸಿ ಔಷಧಿ ಕೊಡುತ್ತಿದ್ದೆವು.

ಕೋಷ್ಟಕ ಕಿತ್ತು, ಡ್ಯೂಟಿ ಡಾಕ್ಟರನ್ನು ಕರೆಸಿದೆ. ಅಂದು ಅಲ್ಲಿದ್ದ ನಾಲ್ಕೂ ಶಿಶುಗಳ ಮುಂದಿನ ಡೋಸ್ ತಡೆದು ಮತ್ತೆ ತೂಗಿದರು. ಅಂಗೈಯಗಲದ ಆ ಎದೆಗಳು ಏರಿಳಿಯುವುದನ್ನು ಎಣಿಸುತ್ತ ನಿಂತೆ. ಒಂದೆರಡು ಸಲ ಎಣಿಕೆ ತಪ್ಪಿ, ಪುನಃ ಎಣಿಸಿದೆ. ನಾಲ್ಕೂ ಪಾರಾದವು.

ನನ್ನ ಗೈಡ್ ಕೇಳಿಸಿಕೊಂಡು ಬಾಗಿಲು ಹಾಕಿದರು. “ಡೋಸ್ ಸರಿ ಮಾಡಿದ್ಯಲ್ಲ, ಮುಗೀತು. ‘ಎರಡನೇ ವಾರ್ಡಿನ ತಾಯಂದಿರು ಚೆನ್ನಾಗಿ ಉಂಡವರು’ ಅಂತ ಎರಡು ಸಾಲು ಬರೆದು ಹಾಕು. ತಪ್ಪು ಒಪ್ಕೊಂಡ್ರೆ ನಿನ್ನ ಪಿಎಚ್‌ಡಿನೂ ಇಲ್ಲ, ನನ್ನ ಮರ್ಯಾದೆನೂ ಇಲ್ಲ.”

ನಿಜ ಹೇಳಲೇ? ಆ ಎರಡು ಸಾಲು ಬರೆದೆ. ಚೆನ್ನಾಗಿಯೇ ಬಂದಿದ್ದವು. ನೀವು ನಂಬಿಬಿಡುತ್ತಿದ್ದಿರಿ. ಅದೇ ನನ್ನನ್ನು ನಡುಗಿಸಿತು. ಅಚ್ಚಾದ ಮೇಲೆ, ನಾನು ಕಾಣದ ಎಷ್ಟು ಗೋಡೆಗಳಿಂದ ಆ ಕೋಷ್ಟಕ ಕೀಳಲಿ?

ಅಳಿಸಿದೆ. ‘ಎಂಟನೇ ಪ್ರಶ್ನೆಗೆ ಉತ್ತರ: ತೂಕ ತಪ್ಪು. ತಪ್ಪು ನನ್ನದು. ಲೇಖನ ಹಿಂಪಡೆಯುತ್ತಿದ್ದೇನೆ’ ಎಂದು ಬರೆದು, ಕಣ್ಣು ಮುಚ್ಚಿ ಕಳಿಸಿದೆ. ಗೈಡ್ ಹದಿನೇಳು ದಿನ ನನ್ನ ಮುಖ ನೋಡಲಿಲ್ಲ. ಆಮೇಲೊಂದು ಬೆಳಿಗ್ಗೆ ಬಂದು, “ಮತ್ತೆ ಮೊದಲಿಂದ ತೂಗೋಣ, ಬಾ,” ಎಂದರು.

ಎರಡನೇ ವಾರ್ಡಿನಲ್ಲಿ ಆ ಔಷಧಿ ಪಡೆದು ಮನೆಗೆ ಹೋಗಿದ್ದ ಹತ್ತೊಂಬತ್ತು ಮಕ್ಕಳನ್ನು ಹುಡುಕುತ್ತ, ಡಾಕ್ಟರ ಜೊತೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಒಬ್ಬ ತಾಯಿ ನಕ್ಕರು: “ಮಂಪರಾ? ಮನೇನೇ ತಲೆ ಮೇಲೆ ಹೊತ್ಕೊಂಡಿದ್ದಾಳೆ ಮೇಡಂ!” ಹಾಗೆ ಹದಿನೆಂಟು ಮನೆ ಸಿಕ್ಕವು, ಹದಿನೆಂಟು ಮಕ್ಕಳೂ ಚೆನ್ನಾಗಿದ್ದಾರೆ.

ಹತ್ತೊಂಬತ್ತನೆಯ ನಂಬರು ಚಾಲ್ತಿಯಲ್ಲಿಲ್ಲ. ಆ ಮಗುವಿನ ಹಾಳೆಯಲ್ಲಿ ನರ್ಸ್ ‘ತುಂಬಾ ನಿದ್ದೆ’ ಎಂದು ಬರೆದಿದ್ದರು. ಇವತ್ತೂ ಮಾಡಿ ನೋಡಿದೆ.

ನಿಮ್ಮ ಕಣ್ಣು ಹೀಗೇ ಚುರುಕಾಗಿರಲಿ. ನನ್ನಂಥವರ ಮೇಲೆ ನಿಮಗೆಂದೂ ಕನಿಕರ ಬಾರದಿರಲಿ.

ಇಂತು,
ನಿಮ್ಮಿಂದ ಪ್ರಶ್ನೆ ಕೇಳಿಸಿಕೊಂಡವಳು