ಅಂಚಿನಲ್ಲಿ ಉಳಿದ ವ್ಯಾಕ್ಸ್

ಮಾರ್ಚ್ ೩, ಬೆಳಿಗ್ಗೆ ೯.೩೦

ನಮ್ಮ ಕಾರ್ ಪಾಲಿಶ್ ಅಂಗಡಿಗೆ ಮೇಷ್ಟ್ರ ಕಪ್ಪು ಕಾರು ಬಂದಿದೆ. ನಿನ್ನೆಯೇ ತೊಳೆದು, ಪಾಲಿಶ್ ಮಾಡಿ ಆಯಿತು. ಈಗ ಯಥಾಪ್ರಕಾರ ಜಗಳ. ಬಣ್ಣ ಕಾಯಲು ಮೇಲೆ ಯಾವ ಲೇಪ? ನಾನು ಸೀಲೆಂಟ್ ಅಂದೆ, ಅಣ್ಣ ಮೇಣದ ವ್ಯಾಕ್ಸ್ ಅಂದ. ಕಾರು ಇಡೀ ದಿನ ಬಿಸಿಲಲ್ಲಿ ನಿಲ್ಲುತ್ತದೆ, ವ್ಯಾಕ್ಸ್ ಎರಡೇ ತಿಂಗಳಿಗೆ ಹೋಗುತ್ತದೆ. ಸೀಲೆಂಟ್ ಆದರೆ ಆರು ತಿಂಗಳಿಗೆ ಮೋಸವಿಲ್ಲ. ಆದರೂ ಕಪ್ಪು ಬಣ್ಣಕ್ಕೆ ವ್ಯಾಕ್ಸ್ ಕೊಡುವ ಹೊಳಪಿನ ಆ ಆಳ... ಮನಸ್ಸಿನಲ್ಲಿ ಒಪ್ಪುತ್ತೇನೆ. ಅವನೆದುರು ಒಪ್ಪುವುದಿಲ್ಲ.

ಮೇಷ್ಟ್ರು ನಮ್ಮಿಬ್ಬರ ಮುಖ ನೋಡಿ ಎರಡನ್ನೂ ಹಾಕಿಬಿಡಿ ಅಂದರು. ಸರಿ. ಇವತ್ತು ಸೀಲೆಂಟ್, ನನ್ನ ಕೈ. ತೆಳ್ಳಗೆ, ಒಂದೇ ಕೋಟು. ನಾಳೆ ಪೂರ್ತಿ ಒಣಗಿದ ಮೇಲೆ ವ್ಯಾಕ್ಸ್, ಅಣ್ಣನ ಕೈ. ಹಿಂದುಮುಂದಾದರೆ ಸೀಲೆಂಟ್ ಹಿಡಿಯುವುದಿಲ್ಲ.

ಮಾರ್ಚ್ ೪, ಸಂಜೆ

ಅಣ್ಣ ವ್ಯಾಕ್ಸ್ ಮುಗಿಸಿ ಟೀಗೆ ಹೋದ. ಟಾರ್ಚ್ ಹಿಡಿದು ನೋಡಿದೆ. ಹಿಂದಿನ ಬಾಗಿಲ ಕೆಳಗೆ ಒಂದು ಗೇಣು ಉದ್ದ ಒಣಗಿದ ವ್ಯಾಕ್ಸಿನ ಬಿಳಿ ಪೊರೆ, ಒರೆಸದೆ ಬಿಟ್ಟದ್ದು. ಬಾನೆಟ್ ಅಂಚಿನಲ್ಲಿ ಇನ್ನೊಂದು. ಅವನು ಬರುವುದರೊಳಗೆ ಒರೆಸಿಬಿಟ್ಟೆ. ಒಂದು ತಿಂಗಳಿಂದ ಹೀಗೇ. ಇದು ನಾಲ್ಕನೆಯ ಕಾರೋ ಐದನೆಯದೋ.

ಮೂವತ್ತು ವರ್ಷ ಕಾರಿನ ಬಣ್ಣದ ಜೊತೆಯೇ ಬದುಕಿದವನು. ಕೂದಲೆಳೆಯಂಥ ಗೀರನ್ನು ದೂರದಿಂದಲೇ ಹೇಳುತ್ತಿದ್ದವನು. ವಯಸ್ಸಾಯಿತು, ಹೊಸ ಚಾಳೀಸು ಬೇಕಿರಬೇಕು. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ. ನಾನು ಒರೆಸಿದರೆ ಮುಗಿಯಿತಲ್ಲ.

ಮಾರ್ಚ್ ೯

ಅಣ್ಣ ನೀರಿನ ಬಕೆಟ್ ಎಡವಿದ. ದಾರಿಯಲ್ಲಿ ಯಾರು ಇಟ್ಟದ್ದು ಅಂತ ರೇಗಿದ. ಅದು ಹತ್ತು ವರ್ಷದಿಂದ ಅಲ್ಲೇ ಇದೆ. ಎತ್ತಿ ಗೋಡೆಯ ಪಕ್ಕ ಇಟ್ಟೆ.

ಮಾರ್ಚ್ ೧೭, ಮಧ್ಯಾಹ್ನ

ಪಕ್ಕದ ಅಂಗಡಿಯ ಸೀಟು ಹೊಲಿಯುವವರು ನಮ್ಮ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಅಣ್ಣ ಕಾರು ಹೊರಗೆ ತೆಗೆಯುತ್ತಿದ್ದ. ನಿಧಾನವಾಗಿಯೇ... ಆದರೆ ನಿಲ್ಲಿಸಲೇ ಇಲ್ಲ. ನಾನು ಕೂಗಿದೆ. ಅವರು ಹಿಂದಕ್ಕೆ ಹಾರಿದರು. ಕೈಜಾರಿದ ಫೋನು ಚಕ್ರದಡಿ ಪುಡಿ.

ಅಣ್ಣ ಇಳಿದು, ಅಡ್ಡ ಬಂದುಬಿಟ್ಟಿರಲ್ಲ ಅಂದ. ಅವರು ಅಡ್ಡ ಬಂದಿರಲಿಲ್ಲ. ಆಗಿನಿಂದ ಅಲ್ಲೇ ನಿಂತಿದ್ದರು.

ಮಾರ್ಚ್ ೧೮

ಕಣ್ಣಿನ ವಿಷಯ ಇವತ್ತೂ ಹೇಳಲಿಲ್ಲ. ಹೇಡಿ ನಾನು. ದಿನಾ ಸಂಜೆ ಅತ್ತಿಗೆಯನ್ನು ಅವರ ಆಫೀಸಿನಿಂದ ನಮ್ಮ ಕಾರಿನಲ್ಲಿ ಕರೆತರುವುದು ಅವನೇ. ಶಾಲೆ ಬಿಡುವ ಹೊತ್ತು, ರಸ್ತೆ ತುಂಬ ಮಕ್ಕಳು.

ಮಾರ್ಚ್ ೧೯, ರಾತ್ರಿ

ಇವತ್ತು ಅಣ್ಣನ ಪಕ್ಕದಲ್ಲಿ ನಿಂತು ಒರೆಸುವ ಬಟ್ಟೆ ಚಾಚಿದೆ. ಮಾತಾಡಲಿಲ್ಲ. ಅವನ ಭುಜದಿಂದ ಎರಡಡಿ ದೂರ, ಹಳದಿ ಬಟ್ಟೆ. ಅವನು ತೆಗೆದುಕೊಳ್ಳಲಿಲ್ಲ. ಬಟ್ಟೆ ಅಲ್ಲಾಡಿಸಿದೆ. ಆಗಲೂ ಇಲ್ಲ. ನೇರ ಮುಂದೆ ನೋಡುತ್ತ ಬಟ್ಟೆ ಎಲ್ಲಿ ಅಂತ ಕೇಳಿದ.

ಪಕ್ಕದಲ್ಲಿರುವುದು ಅವನಿಗೆ ಕಾಣುತ್ತಲೇ ಇಲ್ಲ. ಗೋಡೆಯ ಮೊಳೆಯಿಂದ ನಮ್ಮ ಕಾರಿನ ಕೀ ತೆಗೆದು ಜೇಬಿಗೆ ಹಾಕಿಕೊಂಡೆ.

"ಅಣ್ಣಾ, ಇವತ್ತು ಗಾಡಿ ನಾನು ಬಿಡ್ತೀನಿ. ಕಣ್ಣು ತೋರಿಸ್ಕೊಂಡು ಬರೋ ತನಕ ಕೀ ಕೊಡಲ್ಲ."

"ನಿಂಗೆ ಸ್ಟೀರಿಂಗ್ ಹಿಡಿಯೋಕೆ ಕಲಿಸಿದ್ದು ನಾನು ಕಣೇ."

"ಹೌದು. ಪಕ್ಕ ನೋಡದೆ ಗಾಡಿ ತೆಗೀಬೇಡ ಅಂತ ಕಲಿಸಿದ್ದೂ ನೀನೇ."

ಆಮೇಲೆ ಬಂದು ಪಕ್ಕದ ಸೀಟಿನಲ್ಲಿ ಕೂತ. ಆಫೀಸಿನ ಮುಂದೆ ಅತ್ತಿಗೆ ಹಿಂದಿನ ಸೀಟಿಗೆ ಹತ್ತಿ, ಇಬ್ಬರ ಮುಖವನ್ನೂ ನೋಡಿದರು.

ಮಾರ್ಚ್ ೨೧

ಅಣ್ಣನ ಕಣ್ಣು ತೋರಿಸಿ ಬಂದೆವು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸವೆಯುತ್ತದಂತೆ. ನೋವಿಲ್ಲ, ಸುಳಿವಿಲ್ಲ. ಅಂಚಿನಿಂದ ನೋಟ ಕಡಿಮೆಯಾಗುತ್ತ ಬರುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು. ಗಾಡಿ ಓಡಿಸುವಂತಿಲ್ಲ.

ಇಷ್ಟನ್ನೂ ಕಣ್ಣಿನ ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದರು. ಸ್ವಲ್ಪ ಬೇಗ ಬಂದಿದ್ದರೆ ಚೆನ್ನಾಗಿತ್ತು ಅಂದರು. ಅಣ್ಣ ತಲೆಯಾಡಿಸಿದ. ನಾನು ನೆಲ ನೋಡಿದೆ. ಕದ್ದು ಒರೆಸುತ್ತ ಬಂದವಳು ನಾನು.

ಏಪ್ರಿಲ್ ೬

ಹದಿನೈದು ದಿನ ಅಣ್ಣ ಕೆಲಸಕ್ಕೆ ಬರಲಿಲ್ಲ. ನನಗೂ ಬರೆಯಲು ಮನಸ್ಸಾಗಲಿಲ್ಲ. ಒಬ್ಬಳೇ ಮಾಡಿದೆ. ಎಲ್ಲ ಕಾರಿಗೂ ಬರೀ ಸೀಲೆಂಟ್. ಜಗಳವಾಡುವವರಿಲ್ಲ.

ಇವತ್ತು ಬಂದ. ಅತ್ತಿಗೆ ಬಸ್ಸಿನಲ್ಲಿ ಕರೆತಂದು ಬಾಗಿಲಲ್ಲಿ ಬಿಟ್ಟು ಹೋದರು. ಒಂದು ಕೆಂಪು ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಧಾನವಾಗಿ ಸವರಿದ. ಇನ್ನೂ ಒರಟಿದೆ, ಅಂಟಿದ ಕೊಳೆ ಎತ್ತಲು ಮತ್ತೆ ಕ್ಲೇ ಉಜ್ಜು ಅಂದ. ನಾನೂ ಸವರಿದೆ. ಒರಟಿತ್ತು. ನನ್ನ ಕಣ್ಣಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ.

ಮಧ್ಯಾಹ್ನ ವ್ಯಾಕ್ಸಿನ ಡಬ್ಬಿ ತೆಗೆದ. ಒಂದೊಂದೇ ಭಾಗ ಹಚ್ಚಿ, ಬೆರಳಿಂದ ಎಳೆದು ಒಣಗಿದೆಯೋ ನೋಡಿ, ಒರೆಸಿ, ಅಂಚಿನುದ್ದಕ್ಕೂ ಬೆರಳಾಡಿಸಿ, ಮತ್ತೆ ಒರೆಸಿ. ಮೊದಲಿನ ಎರಡರಷ್ಟು ಹೊತ್ತು. ನನಗೆ ತಡೆಯಲಾಗಲಿಲ್ಲ. ನೀನು ಬಿಟ್ಟದ್ದನ್ನೆಲ್ಲ ಒರೆಸಿಬಿಡುತ್ತಿದ್ದೆ, ಆಗಲೇ ಹೇಳಬೇಕಿತ್ತು ಅಂದೆ. ಅವನು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು. ಟೀ ಅಂಗಡಿಯಿಂದ ನಮ್ಮ ಬಾಗಿಲು ನೇರ ಕಾಣುತ್ತೆ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಹೇಳ್ತಿದ್ದೆ."

ಆಮೇಲೆ ಇಬ್ಬರೂ ಬೇರೆ ಬೇರೆ ಬಾಗಿಲು ಒರೆಸಿದೆವು. ಭಾರ ಇಳಿಯಿತೋ ಇಬ್ಬರಿಗೂ ಹಂಚಿಹೋಯಿತೋ, ತಿಳಿಯಲಿಲ್ಲ.

ಹೊರಡುವಾಗ ಅವನೇ ನೆನಪಿಸಿದ. ಇದು ಒಂದೇ ರಕ್ತದವರಿಗೆ ಬರಬಹುದಂತೆ, ನನ್ನ ಕಣ್ಣನ್ನೂ ತೋರಿಸಬೇಕೆಂದು ಡಾಕ್ಟರಮ್ಮ ಅಂದೇ ಹೇಳಿದ್ದರು. ಕೆಲಸ ಮುಗಿಯಲಿ ಅಂದೆ. ಕೆಲಸ ಯಾವತ್ತು ಮುಗಿದಿದೆ ಅಂದ.

ಏಪ್ರಿಲ್ ೧೧, ಬೆಳಿಗ್ಗೆ ೧೧.೧೦, ಆಸ್ಪತ್ರೆಯ ಬೆಂಚು

ಒಂದು ಪರೀಕ್ಷೆ ಆಯಿತು. ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಂಚಿನಲ್ಲಿ ಬೆಳಕು ಮಿಂಚಿದಾಗ ಗುಂಡಿ ಒತ್ತಬೇಕು. ನಡುನಡುವೆ ಏನೂ ಇಲ್ಲ. ಅದು ಬೆಳಕೇ ಇಲ್ಲದ ಹೊತ್ತೋ, ನನಗೆ ಕಾಣದ ಹೊತ್ತೋ? ಎರಡು ಸಲ ಬೆಳಕಿಲ್ಲದೆಯೂ ಒತ್ತಿದೆ ಅನಿಸುತ್ತದೆ. ಹೆದರಿಕೆಗೆ.

ಅಣ್ಣ ಪಕ್ಕದಲ್ಲೇ ಇದ್ದಾನೆ. ಮಡಿಲಲ್ಲಿಟ್ಟು ನಾನು ಬರೆಯುವುದು ಅವನ ನೋಟಕ್ಕೆ ಸಿಗುತ್ತಿಲ್ಲ. ಆದರೆ ಪೆನ್ನಿನ ಸದ್ದು ಕೇಳಿ, ಎಷ್ಟು ಬರೀತೀಯೆ ಅಂದ. ಇದೇ ಬೆಂಚಿನಲ್ಲಿ ಅಂದು ಅವನು ಹೀಗೇ ಕೂತಿದ್ದ. ಮೊಣಕಾಲ ಮೇಲೆ ಎರಡೂ ಕೈ. ನಾನು ಆಗ ಫೋನು ನೋಡುತ್ತಿದ್ದೆ, ಅವನ ಕಡೆ ನೋಡಲಾಗದೆ. ಅವನು ಇವತ್ತು ನನ್ನ ಕಡೆಗೆ ಪೂರ್ತಿ ತಿರುಗಿ ಕೂತಿದ್ದಾನೆ.

ಡಾಕ್ಟರಮ್ಮನ ಬಾಗಿಲು ತೆರೆಯಿತು. ನನ್ನ ಹೆಸರು ಕರೆದರು. ನನಗಿಂತ ಮೊದಲು ಅಣ್ಣನೇ ಎದ್ದು ಕೈ ಚಾಚಿದ್ದಾನೆ.